ಟೀ ಡಿಕಾಕ್ಷನ್‌ನಲ್ಲಿ ಬೆಂದ ಹಣ್ಣು

ಶುಂಠಿ, ಏಲಕ್ಕಿ, ಚಕ್ಕೆ, ಲವಂಗ ಹಾಕಿ ಕುದಿಸಿದ, ಹಾಲು ಬೆರೆಸದ ಟೀ ಡಿಕಾಕ್ಷನ್‌ಗೆ ಸಿಹಿ ಕೂಡಿಸಿ, ಅದರಲ್ಲಿ ಹಣ್ಣಿನ ಹೋಳುಗಳನ್ನು ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬೇಯಿಸುವ ತಿನಿಸು ಮಂಡ್ಯ ಜಿಲ್ಲೆಯ ಬಸರಾಳು ಸೀಮೆಯ ಅಡುಗೆಮನೆಗೆ ಹೊರಗಿನದಾದರೂ, ಅದರ ರುಚಿಯ ಕ್ರಮ ಅಲ್ಲಿಗೆ ಅಪರಿಚಿತವಲ್ಲ. ರಾಮನವಮಿಯ ಪಾನಕದಲ್ಲಿ, ಎಂದರೆ ಬೆಲ್ಲದ ನೀರಿಗೆ ಏಲಕ್ಕಿ, ಮೆಣಸು, ಶುಂಠಿ ಬೆರೆಸಿದ ಪೇಯದಲ್ಲಿ, ಸಿಹಿಗೆ ಖಾರ ಜೊತೆಯಾಗುತ್ತದೆ. ಬಾಳೆಹಣ್ಣನ್ನು ಬೆಲ್ಲ ಮತ್ತು ಕಾಯಿಹಾಲಿನಲ್ಲಿ ನೆನೆಸುವ ರಸಾಯನದಲ್ಲಿ ಹಣ್ಣು ರಸ ಹೀರುತ್ತದೆ, ಬೇಯುವುದಿಲ್ಲ, ಅಷ್ಟೆ. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೂ ಆಲೆಮನೆಗಳು, ಎಂದರೆ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ತೆಗೆಯುವ ನೆಲೆಗಳು, ಉಳಿದುಕೊಂಡಿರುವ ಈ ಜಿಲ್ಲೆಯಲ್ಲಿ ಸಕ್ಕರೆಗಿಂತ ಬೆಲ್ಲವೇ ಈ ತಿನಿಸಿಗೆ ತಕ್ಕದ್ದು. ಟೀ ಎಲೆಯ ಟ್ಯಾನಿನ್ ಎಂಬ ಅಂಶದಿಂದ ಬರುವ ಒಗರನ್ನು ಬೆಲ್ಲದ ಗಾಢ ರುಚಿ ತಡೆದುಕೊಳ್ಳುತ್ತದೆ. ಎಲೆಯನ್ನು ಹಣ್ಣಿನೊಡನೆ ಬೇಯಲು ಬಿಟ್ಟರೆ ರಸ ಕಹಿಯಾಗುವುದರಿಂದ ಡಿಕಾಕ್ಷನ್ ಅನ್ನು ಮೊದಲೇ ಸೋಸಿರಬೇಕು. ಕಳಿತ ಬಾಳೆ ಈ ಪಾಕದಲ್ಲಿ ನಿಲ್ಲದೆ ಕರಗಿಹೋಗುತ್ತದೆ. ದೋರೆಗಾಯಿಯಾದ ಸೀಬೆ ಮತ್ತು ಅನಾನಸ್ ಚೆನ್ನಾಗಿ ನಿಲ್ಲುತ್ತವೆ. ತುಪ್ಪವಿಲ್ಲದ ಈ ಸಿಹಿ, ಮುದ್ದೆ ಉಂಡ ಹೊಟ್ಟೆಗೆ ಹೋಳಿಗೆಗಿಂತ ಹಗುರ.