ಖಾಲಿ ಬಿಟ್ಟ ಸ್ಲಾಟು

ಮನೆ ಕಟ್ಟಿಸಿದವರು ತಾರಸಿಯ ಮೇಲೆ ಪಿಲ್ಲರಿನ ಕಂಬಿಗಳನ್ನು ಹಾಗೇ ಚಾಚಿ ಬಿಟ್ಟಿರುತ್ತಾರೆ, ಮುಂದೊಂದು ದಿನ ಕೈಗೆ ಕಾಸು ಬಂದರೆ ಮೇಲೊಂದು ಅಂತಸ್ತು ಏಳಲಿ ಎಂದು. ಹಳೆಯ ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿದರೆ ಕಾಣುತ್ತಿದ್ದ ಸಾಲು ಸ್ಲಾಟುಗಳೂ ಅಂಥವೇ. ಮುಂದೇನು ಬೇಕಾದೀತೆಂದು ಮಾರಿದವನಿಗೂ ತಿಳಿದಿರಲಿಲ್ಲ, ಕೊಂಡವನಿಗೂ ತಿಳಿದಿರಲಿಲ್ಲ. ತಿಳಿಯದೆಂಬುದನ್ನು ಮುಚ್ಚಿಡುವ ಗೋಜಿಗೂ ಯಾರೂ ಹೋಗಿರಲಿಲ್ಲ. 1981ರ ಐಬಿಎಂ ಪಿಸಿಯಲ್ಲಿ ಇದ್ದವು ಐದು ಸ್ಲಾಟುಗಳು. ಪರದೆಯ ಮೇಲೆ ಏನಾದರೂ ಮೂಡಬೇಕೆಂದರೆ ಒಂದು ಕಾರ್ಡು, ಫ್ಲಾಪಿ ಓಡಬೇಕೆಂದರೆ ಇನ್ನೊಂದು. ಉಳಿದವು ಖಾಲಿ, ನಿಮ್ಮ ಪಾಲಿಗೆ.

ಇದರ ಬಗ್ಗೆ ಮೊದಲಿನಿಂದಲೂ ಜಗಳವಿತ್ತು. 1977ರ ಆ್ಯಪಲ್ 2ಕ್ಕೆ ಎರಡೇ ಸ್ಲಾಟ್ ಸಾಕೆಂದು ಸ್ಟೀವ್ ಜಾಬ್ಸ್, ಎಂಟಾದರೂ ಬೇಕೆಂದು ಸ್ಟೀವ್ ವೋಜ್ನಿಯಾಕ್. ಆ ಸಲ ಗೆದ್ದದ್ದು ವೋಜ್ನಿಯಾಕ್ ಹಟ. 1984ರ ಮೆಕಿಂಟಾಷ್ ಬಂದಾಗ ಒಂದು ಸ್ಲಾಟೂ ಇರಲಿಲ್ಲ. ಇವತ್ತು ನಮ್ಮೆಲ್ಲರ ಬ್ಯಾಗಿನಲ್ಲಿರುವುದು ಆ ಎರಡನೆಯ ವಂಶದ ಕುಡಿಗಳೇ.

ಸಾಗರದಲ್ಲಿ ನನ್ನ ಸೋದರಮಾವನಿಗೆ ಒಂದು ಜಾಬ್ ಟೈಪಿಂಗ್ ಅಂಗಡಿ ಇತ್ತು. ತೊಂಬತ್ತರ ದಶಕದ ಮೊದಲ ಭಾಗ. ಅಂಗಡಿಯ ಕಂಪ್ಯೂಟರಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದ ಮಾವನ ಚೀಲದಲ್ಲಿ ಪಂಚೆಯಲ್ಲಿ ಸುತ್ತಿದ ಉದ್ದನೆಯ ಹಸಿರು ಹಲಗೆಯೊಂದಿತ್ತು, ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡು. ಕ್ಯಾಬಿನೆಟ್ ಬಿಚ್ಚಿ ಅದನ್ನು ಸ್ಲಾಟಿನಲ್ಲಿ ಒತ್ತಿ ಕೂರಿಸಿ, ಸ್ಕ್ರೂ ಬಿಗಿದು, ದೇವರಿಗೊಂದು ಕೈಮುಗಿದು ಸ್ವಿಚ್ ಹಾಕಿದರು. ಕಂಪ್ಯೂಟರಿಗೆ ಕನ್ನಡ ಬಂತು.

ಬಂದದ್ದು ಹೇಗೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಐಐಟಿ ಕಾನ್ಪುರದಲ್ಲಿ ಹುಟ್ಟಿದ ತಂತ್ರ ಅದು. 1988ರಲ್ಲಿ ಸಿ-ಡ್ಯಾಕ್ ಶುರುವಾದ ಮೇಲೆ ಅಲ್ಲಿ ಬೆಳೆಯಿತು. ವರ್ಡ್‌ಸ್ಟಾರ್, ಡಿಬೇಸ್‌ನಂಥ ಡಾಸ್ ತಂತ್ರಾಂಶಗಳಿಗೆ ಕನ್ನಡವೆಂಬುದೊಂದಿದೆ ಎಂಬ ಸುಳಿವೇ ಇರಲಿಲ್ಲ. ಅವು ತಮ್ಮ ಪಾಡಿಗೆ ಸಂಖ್ಯೆಗಳನ್ನು ಸಾಗಿಸುತ್ತಿದ್ದವು. ಆ ಸಂಖ್ಯೆಗಳಿಗೆ ಒತ್ತು, ಕೊಂಬು, ದೀರ್ಘ ಕೊಟ್ಟು ಅಕ್ಷರ ಬಿಡಿಸುವ ಕೆಲಸ ಪೂರ್ತಿ ಕಾರ್ಡಿನದು. ಭಾರತದ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿ, ಇಸ್ಕಿ. 1991ರಲ್ಲಿ ಅದು ಐಎಸ್ 13194 ಎಂಬ ಹೆಸರಿನಲ್ಲಿ ರಾಷ್ಟ್ರೀಯ ಮಾನಕವಾಯಿತು. ಹೀಗಾಗಿ ಲಿಪಿ ಬದಲಿಸಿದರೆ ಅದೇ ಕನ್ನಡ ಸಾಲು ದೇವನಾಗರಿಯಲ್ಲೋ ತೆಲುಗಿನಲ್ಲೋ ಎದ್ದು ನಿಲ್ಲುತ್ತಿತ್ತು. ಅಂಗಡಿಗೆ ಬಂದವರಿಗೆ ಮಾವ ಚಹಾ ಕೊಡುವುದನ್ನು ಮರೆತಾರು, ಇದನ್ನು ತೋರಿಸುವುದನ್ನು ಮರೆಯುತ್ತಿರಲಿಲ್ಲ. ಕಾರ್ಡು ಕಿತ್ತು ಅದೇ ಫೈಲ್ ತೆರೆದರೆ ಮಾತ್ರ ಪರದೆಯ ತುಂಬ ಗ್ರೀಕ್ ಅಕ್ಷರ, ಅಡ್ಡಗೆರೆ, ಉದ್ದಗೆರೆ.

ಇಂಥದ್ದು ನಮಗೊಬ್ಬರಿಗೇ ಆದದ್ದಲ್ಲ. 1982ರಲ್ಲಿ ಬಂದು ಜಗತ್ತೆಲ್ಲ ಹರಡಿದ ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡನ್ನು ರೂಪಿಸಿದವನು ವ್ಯಾನ್ ಸುವನ್ನುಕುಲ್. ತನ್ನ ಪಿಎಚ್‌ಡಿ ಪ್ರಬಂಧಕ್ಕೆ ಥಾಯ್ ಲಿಪಿ ಬೇಕಿತ್ತು, ಐಬಿಎಂ ಪರದೆಯಲ್ಲಿ ಅದು ಮೂಡುತ್ತಿರಲಿಲ್ಲ. ಅವನು ಐಬಿಎಂಗೆ ಅರ್ಜಿ ಹಾಕಿಕೊಂಡು ಕೂರಲಿಲ್ಲ. 720 × 348 ಚುಕ್ಕೆಗಳ ತನ್ನದೇ ಕಾರ್ಡು ಮಾಡಿ ಸ್ಲಾಟಿಗೆ ತುರುಕಿದ. ಯಂತ್ರ ಮಾಡಿದವರ ತಲೆಗೆ ಹೊಳೆಯದ ಭಾಷೆಗಳು ಆ ಕಿಂಡಿಯಿಂದ ಒಳಗೆ ನುಗ್ಗಿದವು. ನಾನು ಕಳೆದುಕೊಂಡೆನೆಂದು ಕೊರಗುವುದು ಕಾರ್ಡನ್ನಲ್ಲ, ಈ ಕಿಂಡಿಯನ್ನು.

ಕಾರ್ಡುಗಳ ಸಂಸಾರ ಸುಖವಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಮೌಸ್ ಕಾಮ್ 1ರಲ್ಲಿ, ಮೋಡೆಮ್ ಕಾಮ್ 3ರಲ್ಲಿ ಕೂತರೆ ಇಬ್ಬರೂ ಪ್ರೊಸೆಸರನ್ನು ಕರೆಯುವ ಗಂಟೆ ಐಆರ್‌ಕ್ಯೂ 4 ಒಂದೇ; ಮೋಡೆಮ್ ಡಯಲ್ ಮಾಡಲು ಹೊರಟ ಕೂಡಲೇ ಮೌಸ್ ಮುನಿಸಿಕೊಂಡು ನಿಂತುಬಿಡುತ್ತಿತ್ತು. ಆಗ ಕಾರ್ಡು ಹೊರಗೆಳೆದು, ಅಕ್ಕಿಕಾಳಿನಷ್ಟಿರುವ ಜಂಪರನ್ನು ಚಿಮಟದಿಂದ ಕಿತ್ತು ಪಕ್ಕದ ಮುಳ್ಳಿಗೆ ಹಾಕಬೇಕು. ಮಲೆನಾಡಿನ ಆಷಾಢದಲ್ಲಿ ಇನ್ನೊಂದು ಕಾಟ. ಗಾಳಿಯೇ ಒದ್ದೆ, ಕಾರ್ಡಿನ ಅಂಚಿನ ಚಿನ್ನದ ಲೇಪದ ಹಲ್ಲುಗಳ ಮೇಲೆ ಮಂಕು ಕವಿದು ಯಂತ್ರ ಎದ್ದೇಳುತ್ತಲೇ ಇರಲಿಲ್ಲ. “ಅಪ್ಪಿ, ರಬ್ಬರ್ ತಗಂಬಾ” ಎಂದು ಮಾವ ಕೂಗಿದರೆ ನನ್ನ ಕಂಪಾಸ್ ಬಾಕ್ಸಿನ ರಬ್ಬರು ಹೋಗುತ್ತಿತ್ತು. ಶಾಲೆಯ ರಬ್ಬರಿನಿಂದ ಹಲ್ಲು ಉಜ್ಜಿ, ಉಫ್ ಎಂದು ಊದಿ, ಮತ್ತೆ ಕೂರಿಸಿದರೆ ಕಂಪ್ಯೂಟರು ಕೀಂಯ್ ಎಂದು ಏಳುತ್ತಿತ್ತು. ಇದನ್ನು ಯಾವ ಮ್ಯಾನ್ಯುಯಲ್ಲಿನಲ್ಲೂ ನಾನು ಓದಿಲ್ಲ. ಆದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಎದೆಯಗಲದ ಅಂಗಡಿಗಳಲ್ಲಿ ಕಾರ್ಡುಗಳನ್ನು ದಾರಕ್ಕೆ ಪೋಣಿಸಿ ತೂಗುಹಾಕಿದ ಹುಡುಗರ ಮೇಜಿನ ಮೇಲೂ ಅದೇ ರಬ್ಬರ್ ಇರುತ್ತಿತ್ತು.

ಆ ಜಿಸ್ಟ್ ಕಾರ್ಡಿನ ಮುಂದೆ ಕೂತು ಮಾವ ಬಿಡುವಿನಲ್ಲಿ ಮಾಡುತ್ತಿದ್ದ ಕೆಲಸವೊಂದಿತ್ತು. ಸುತ್ತಲ ಊರಿನ ಹಳೆಯ ಭಾಗವತರ ಮನೆಗಳಿಂದ ಯಕ್ಷಗಾನ ಪ್ರಸಂಗಗಳ ಕೈಬರಹದ ಪುಸ್ತಕ ತಂದು ಟೈಪ್ ಮಾಡಿ ಫ್ಲಾಪಿಗೆ ತುಂಬುವುದು. ದುಡ್ಡಿಲ್ಲ, ಕೇಳಿದವರೂ ಇಲ್ಲ. ಪುಸ್ತಕ ವಾಪಸು ಕೊಡುವಾಗ ಒಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, ರಾತ್ರಿಯೆಲ್ಲ ಯಾವ ತಾಳಕ್ಕೆ ಬೆರಳು ಓಡಿತೆಂದು ಭಾಗವತರಿಗೆ ವರದಿ ಒಪ್ಪಿಸುತ್ತಿದ್ದರು.

ಆಮೇಲಿನದು ಬೇಗ ನಡೆದುಹೋಯಿತು. ವಿಂಡೋಸ್ ಬಂತು, ಅಕ್ಷರ ಬರೆಯುವುದು ಕಾರ್ಡಿನ ಕೆಲಸವಾಗಿ ಉಳಿಯಲಿಲ್ಲ. ಬರಹ, ನುಡಿ ಎಂಬ ಕನ್ನಡ ತಂತ್ರಾಂಶಗಳು ಬಂದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟು ಒಳಗೇ ಕೂತು ಬಂತು. ಅಷ್ಟರಲ್ಲಿ ಹೊಸ ಮದರ್‌ಬೋರ್ಡುಗಳಿಂದ ಐಎಸ್ಎ ಎಂಬ ಆ ಹಳೆಯ ಸ್ಲಾಟು ಮರೆಯಾಗಿತ್ತು. ಜಿಸ್ಟ್ ಕಾರ್ಡು ಕೈಯಲ್ಲಿದ್ದರೂ ಕೂರಿಸಲು ಜಾಗವಿಲ್ಲ. ಇದರಿಂದ ಕನ್ನಡಕ್ಕೆ ಆದದ್ದು ಲಾಭವೇ. ಇವತ್ತು ಅಡಿಕೆ ಮಂಡಿಯ ಹಮಾಲಿಯ ಮೊಬೈಲಿನಲ್ಲೂ ಕನ್ನಡ ಮೂಡುತ್ತದೆ, ಅದಕ್ಕೆ ಯಾರೂ ರಾತ್ರಿ ಬಸ್ಸು ಹಿಡಿಯಬೇಕಿಲ್ಲ.

ಲ್ಯಾಪ್‌ಟಾಪಿನ ಬದಿಯಲ್ಲೂ ಒಂದು ಕಾಲಕ್ಕೆ ಪಿಸಿಎಂಸಿಐಎ ಕಿಂಡಿ ಇತ್ತು. 85.6 × 54 ಮಿಲಿಮೀಟರ್, ಎಟಿಎಂ ಕಾರ್ಡಿನಷ್ಟೇ ಉದ್ದಗಲ, 68 ಪಿನ್ನು. ಮೋಡೆಮ್ಮೋ ನೆಟ್‌ವರ್ಕೋ ಒಳಗೆ ಜಾರಿ ಕಟ್ ಎಂದು ಕೂರುತ್ತಿತ್ತು. ಅದೂ ಹೋಯಿತು. 2015ರ ಮ್ಯಾಕ್‌ಬುಕ್ಕಿನಲ್ಲಿ ಇಯರ್‌ಫೋನಿನ ತೂತು ಬಿಟ್ಟರೆ ಉಳಿದದ್ದು ಒಂದೇ ಟೈಪ್-ಸಿ. ಚಾರ್ಜೂ ಅದರಲ್ಲೇ, ಬೇರೆಲ್ಲವೂ ಅದರಲ್ಲೇ. ಈಗ ಅಡಾಪ್ಟರುಗಳು ಯಂತ್ರದ ಹೊರಗೆ ಬಾಲ ಬಿಟ್ಟುಕೊಂಡು ನೇತಾಡುತ್ತವೆ, ಮೀಟಿಂಗಿನಿಂದ ಮೀಟಿಂಗಿಗೆ ಕಳೆದುಹೋಗುತ್ತವೆ. 2021ರಲ್ಲಿ ಫ್ರೇಮ್‌ವರ್ಕ್ ಎಂಬ ಲ್ಯಾಪ್‌ಟಾಪ್ ‘ಎಕ್ಸ್‌ಪ್ಯಾನ್ಷನ್ ಕಾರ್ಡ್’ ಎಂಬ ಹೆಸರನ್ನು ಮತ್ತೆ ತಂದಿತು. ಬಿಚ್ಚಿ ನೋಡಿದರೆ ಅವೂ ಟೈಪ್-ಸಿ ಅಡಾಪ್ಟರುಗಳೇ, ನೇತಾಡುವ ಬದಲು ಒಳಗೆ ಕೂತಿವೆ ಅಷ್ಟೆ. ಆದರೂ ಸಂತೋಷ, ಹಾಗೆ ಕೂರಿಸಲು ಜಾಗ ಬಿಡುವುದೇ ದೊಡ್ಡತನವಾಗಿದೆ ಈಗ.

ಮಾವ ತೀರಿಕೊಂಡ ಮೇಲೆ ಅಂಗಡಿ ಖಾಲಿ ಮಾಡಿದೆವು. ಕ್ಯಾಬಿನೆಟ್ ಗುಜರಿಯವನ ತಕ್ಕಡಿಗೆ ಹೋಗಿತ್ತು, ಕಾರ್ಡು ಸಮೇತ. ಫ್ಲಾಪಿಗಳು ಮಾತ್ರ ಹಾರ್ಲಿಕ್ಸ್ ಡಬ್ಬಿಯಲ್ಲಿದ್ದವು. ಕೆಲವಕ್ಕೆ ಬೂಷ್ಟು ಹಿಡಿದು ಒಳಗಿನ ತಟ್ಟೆಯ ಮೇಲೆ ಬಿಳಿ ಚುಕ್ಕೆ. ಅವು ಓದಲು ಬರಲಿಲ್ಲ, ಅವುಗಳ ಮೂಲ ಪುಸ್ತಕ ಕೊಟ್ಟ ಭಾಗವತರೂ ಈಗಿಲ್ಲ. ಮಿಕ್ಕವು ಓದಲು ಬಂದವು. ಪರದೆಯ ತುಂಬ ಅದೇ ಗ್ರೀಕ್ ಅಕ್ಷರ, ಅಡ್ಡಗೆರೆ. ಇಸ್ಕಿ ಪಟ್ಟಿ ಎದುರಿಗಿಟ್ಟುಕೊಂಡು ಅಕ್ಕನ ಮಗ ಒಂದು ಸಣ್ಣ ಪ್ರೋಗ್ರಾಮ್ ಬರೆದ, ಪ್ರಸಂಗಗಳು ಯುನಿಕೋಡಿಗೆ ಬಂದವು.

ಆದ್ದರಿಂದ ಒಂದು ಮಾತು. ಆ ಕಾಲದ ಸೊಸೈಟಿ, ಮಠ, ಮುದ್ರಣಾಲಯ, ಕಚೇರಿಗಳ ಅಟ್ಟದ ಮೇಲೆ ಇಂಥ ಡಬ್ಬಿಗಳು ಇನ್ನೂ ಇರಬೇಕು. ತೆರೆದಾಗ ಕಸ ಕಂಡರೆ ಹಾಳಾಗಿದೆ ಎಂದು ಎಸೆಯಬೇಡಿ, ಅದು ಕನ್ನಡವಿರಬಹುದು. ಯುಎಸ್‌ಬಿ ಫ್ಲಾಪಿ ಡ್ರೈವ್ ಇನ್ನೂ ಮಾರುಕಟ್ಟೆಯಲ್ಲಿ ಸಿಗುತ್ತದೆ, ಇಸ್ಕಿಯ ಪಟ್ಟಿ ಗುಟ್ಟಿನದ್ದೇನಲ್ಲ. ಈ ಮಳೆಗಾಲಕ್ಕೆ ಮುಂಚೆ ಇಳಿಸಿ ಓದಿಸಿ.