ಕಾಲಿಗೆ ಚಕ್ರವಿದೆ, ಕೆಳಗೆ ಐಸ್ ಇಲ್ಲ

ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ ಹತ್ತಿರವಾದಂತೆ ಫೋನುಗಳಲ್ಲಿ ಐಸ್ ಡ್ಯಾನ್ಸ್ ವಿಡಿಯೊಗಳು ಹರಿದಾಡುತ್ತವೆ. ‘ನಮ್ಮ ಮಕ್ಕಳೂ ಅಲ್ಲಿಗೆ ಹೋಗಬಹುದಾ?’ ಎಂದು ಭದ್ರಾವತಿ ಕಡೆಯ ಪೋಷಕರು ನಮ್ಮನ್ನು ಕೇಳುತ್ತಾರೆ.

ಸದ್ಯಕ್ಕೆ ಕಷ್ಟ ಎಂದೇ ಹೇಳುತ್ತೇವೆ. ಅಲ್ಲಿ ಹುಡುಗ–ಹುಡುಗಿ ಜೋಡಿ ರಿದಮ್ ಡ್ಯಾನ್ಸ್, ಫ್ರೀ ಡ್ಯಾನ್ಸ್ ಎರಡನ್ನೂ ಮಾಡಬೇಕು. ಅದಕ್ಕೂ ಮೊದಲೇ ಅಂತರರಾಷ್ಟ್ರೀಯ ಕೂಟಗಳಲ್ಲಿ ಕನಿಷ್ಠ ತಾಂತ್ರಿಕ ಅಂಕ ಗಳಿಸಿರಬೇಕು. ಇಷ್ಟಾಗಲು ದಿನವೂ ಐಸ್ ಬೇಕು. ಶಿಮ್ಲಾದ ಹಳೆಯ ರಿಂಕ್‌ನಲ್ಲಿ ನೀರು ಹೆಪ್ಪುಗಟ್ಟುವುದು ಚಳಿಗಾಲದಲ್ಲಷ್ಟೇ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ ಡೆಹ್ರಾಡೂನ್ ರಿಂಕ್ ಆಮೇಲೆ ವರ್ಷಗಟ್ಟಲೆ ಮುಚ್ಚಿತ್ತು.

ಹಾಗಂತ ಚಕ್ರದ ಸ್ಕೇಟಿಂಗ್ ಕಲಿತಿದ್ದು ವ್ಯರ್ಥವಲ್ಲ. ಅದರಲ್ಲೂ ಜೋಡಿ ಸ್ಪರ್ಧೆಯಿದೆ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನೂಪ್ ಕುಮಾರ್ ಯಾಮಾ–ಅವನಿ ಪಂಚಾಲ್ ಜೋಡಿ ಕಂಚು ಗೆದ್ದಿತ್ತು. ಅದಕ್ಕೆ ಐಸ್ ಬೇಕಾಗಲಿಲ್ಲ. ನುಣುಪಾದ ನೆಲ, ಬಲ್ಲ ತರಬೇತುದಾರರು ಸಾಕು.

ಶಿವಮೊಗ್ಗದಲ್ಲಿ ಸಂಜೆ ಸ್ಕೇಟಿಂಗ್ ಕಲಿಯುವ ಮಕ್ಕಳನ್ನು ನಾವು ನೋಡುತ್ತಲೇ ಇದ್ದೇವೆ. ಅವರಲ್ಲಿ ಹಳ್ಳಿಯ ಮಕ್ಕಳು ಕಡಿಮೆ. ಅಭ್ಯಾಸ ಮುಗಿಯುವಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೋಗಿರುತ್ತದೆ. ಪದಕದ ಲೆಕ್ಕ ಆಮೇಲಿರಲಿ. ಶಾಲೆಯ ಅಂಗಳದಲ್ಲಿ ಒಂದಷ್ಟು ನುಣುಪು ಸಿಮೆಂಟ್ ನೆಲ ಮಾಡಿಸಿಕೊಡಿ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳೋಣ.