ಒಂದು ರಾತ್ರಿಯ ಬಿಡಾರ

ಚಳಿಯೆಂದರೆ ಏನೆಂಬುದು ನಮ್ಮ ಕಾಸರಗೋಡಿನ ಕಡೆಯವರಿಗೆ ತಿಳಿಯದು. ಧನುರ್ಮಾಸದ ಬೆಳಗಿನಲ್ಲಿ ಮೈ ತುಸು ನಡುಗಿದರೆ ಅದನ್ನೇ ಚಳಿಯೆಂದು ಕರೆದು ಬಚ್ಚಲೊಲೆಯ ಮುಂದೆ ಕುಳಿತುಕೊಳ್ಳುವವರು ನಾವು. ಮನೆಯಿಲ್ಲದವನೂ ಇಲ್ಲಿ ಯಾವುದೋ ಅಂಗಡಿಯ ಜಗಲಿಯಲ್ಲಿ ಗೋಣಿಯನ್ನು ಹಾಸಿಕೊಂಡು ರಾತ್ರಿಯನ್ನು ಕಳೆದಾನು. ಮಳೆಯ ಭಯ ಅವನಿಗುಂಟು, ಸೊಳ್ಳೆಯ ಕಾಟವುಂಟು. ಬೆಳಗಾಗುವುದರೊಳಗೆ ಮೈ ಮರಗಟ್ಟಿ ಸಾಯುವ ಭಯವಿಲ್ಲ. 2024ರ ಜನವರಿಯಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನಾವಿಬ್ಬರೂ ಕಂಡ ಚಳಿ ಬೇರೆಯೇ ಜಾತಿಯದು.

ನ್ಯಾಶ್‌ವಿಲ್ ಟೆನೆಸೀ ಸಂಸ್ಥಾನದ ರಾಜಧಾನಿ. ಕಂಬರ್‌ಲ್ಯಾಂಡ್ ನದಿಯ ಎರಡೂ ದಂಡೆಗಳಲ್ಲಿ ಹಬ್ಬಿದ ಊರು, ಕಂಟ್ರಿ ಸಂಗೀತಕ್ಕೆ ತವರೆನಿಸಿದುದು. ಅಥೆನ್ಸಿನ ಪಾರ್ಥೆನಾನ್ ದೇಗುಲದಷ್ಟೇ ದೊಡ್ಡದಾದ ಪ್ರತಿಕೃತಿಯೊಂದನ್ನು ಇಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. 1892ರಲ್ಲಿ ಧರ್ಮೋಪದೇಶಕ್ಕೆಂದು ಕಟ್ಟಿದ ರೈಮನ್ ಸಭಾಭವನ ಮುಂದೆ ಸಂಗೀತದ ಮಹಾಮಂದಿರವಾಯಿತು. ಇವನ್ನೆಲ್ಲ ನಾವೂ ಸುತ್ತಿ ನೋಡಿದೆವು. ಓದುಗರು ಕ್ಷಮಿಸಬೇಕು, ಅವುಗಳ ವರ್ಣನೆಯನ್ನು ಬೇರೆಯವರು ಬರೆದಾರು. ನಮ್ಮ ಮನಸ್ಸಿನಲ್ಲಿ ಉಳಿದುದು ಇಗರ್ಜಿಯೊಂದರ ಹಿಂಬದಿಯ ಊಟದ ಮನೆ.

ಆ ವಾರ ನಗರದ ಮೇಲೆ ಹಿಮ ಸುರಿದಿತ್ತು. ಶಾಲೆಗಳು ಮುಚ್ಚಿದ್ದವು, ಹೊರಗೆ ಕಾಲಿಡಬೇಡಿರೆಂದು ಮಗ ತಾಕೀತು ಮಾಡಿದ್ದನು. ಟೆನೆಸೀ ದಕ್ಷಿಣದ ಸಂಸ್ಥಾನವೇ ಆದರೂ ಅಲ್ಲಿನ ಚಳಿ ಕೆಲವೊಮ್ಮೆ ಕ್ರೂರವಾಗುತ್ತದೆ. 2022ರ ಡಿಸೆಂಬರ್ 23ರಂದು ಉಷ್ಣಮಾನ ಶೂನ್ಯಕ್ಕಿಂತ ಸುಮಾರು 18 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿದಿದ್ದಿತು. ನೆರೆಮನೆಯ ಹಿರಿಯ ಮಹಿಳೆಯೊಬ್ಬರು ದೊಡ್ಡದೊಂದು ಪಾತ್ರೆಯನ್ನು ಮೋಟಾರಿನಲ್ಲಿ ಇಡುತ್ತಿದ್ದುದನ್ನು ಕಂಡು, ಇಂಥ ದಿನ ಎತ್ತ ಹೊರಟಿರೆಂದು ವಿಚಾರಿಸಿದೆವು. ಈ ರಾತ್ರಿ ತಮ್ಮ ಇಗರ್ಜಿಯ ಸರದಿ, ಅತಿಥಿಗಳು ಬರುತ್ತಾರೆ, ಬೇಕಾದರೆ ನೀವೂ ಬನ್ನಿ ಎಂದರು.

ಈ ಸರದಿಯ ಕಥೆಯನ್ನು ಹೇಳಲೇಬೇಕು. ನದಿಯ ಪೂರ್ವ ದಂಡೆಯಲ್ಲಿ ಹೋಲಿ ನೇಮ್ ಎಂಬ ಕೆಥೋಲಿಕ ಇಗರ್ಜಿಯಿದೆ. 1985ರ ಚಳಿಗಾಲದಲ್ಲಿ ಅಲ್ಲಿನ ಪಾದ್ರಿ ಚಾರ್ಲ್ಸ್ ಸ್ಟ್ರೋಬೆಲ್ ರಾತ್ರಿ ಕಿಟಕಿಯಿಂದ ಹೊರಗೆ ನೋಡಿದಾಗ, ಇಗರ್ಜಿಯ ಅಂಗಳದಲ್ಲಿ ನಿಂತ ಕಾರುಗಳೊಳಗೆ ಜನರು ಮುದುಡಿ ಮಲಗಿದ್ದುದು ಕಂಡಿತು. ಅವರನ್ನು ಒಳಗೆ ಕರೆಯುವುದು ಸುಲಭ. ಆದರೆ ಇಂದು ಕರೆದರೆ ನಾಳೆಯೂ ಬರುತ್ತಾರೆ. ನಾಳಿದ್ದು ಬಾಗಿಲು ಹಾಕುವುದು ಹೇಗೆ? ಈ ಶಂಕೆ ತಮ್ಮನ್ನೂ ಕಾಡಿತೆಂದು ಅವರು ಮುಂದೆ ಮರೆಮಾಚದೆ ಹೇಳಿಕೊಂಡಿದ್ದಾರೆ. ಆದರೂ ಕರೆದರು. ಅವರೂ ಮರುದಿನ ಬಂದರು.

ಮರುವರ್ಷದ ಚಳಿಗಾಲಕ್ಕೆ ನಾಲ್ಕು ಇಗರ್ಜಿಗಳು ರಾತ್ರಿಗಳನ್ನು ಹಂಚಿಕೊಂಡವು. ಬೆತ್ಲೆಹೇಮಿನ ಛತ್ರದಲ್ಲಿ ಮರಿಯಮ್ಮ ಮತ್ತು ಜೋಸೆಫರಿಗೆ ಸ್ಥಳವಿರಲಿಲ್ಲವೆಂಬ ಬೈಬಲ್ಲಿನ ಮಾತನ್ನು ತಿರುಗಿಸಿ, ‘ರೂಮ್ ಇನ್ ದಿ ಇನ್’, ಎಂದರೆ ಛತ್ರದಲ್ಲಿ ಸ್ಥಳವುಂಟು, ಎಂದು ಹೆಸರಿಟ್ಟರು. ಈಗ ಸುಮಾರು 200 ಪ್ರಾರ್ಥನಾಲಯಗಳು ಇದರಲ್ಲಿ ಸೇರಿವೆ, ಯೆಹೂದ್ಯರದೂ ಉಂಟು. ನವೆಂಬರ್ 1ರಿಂದ ಮಾರ್ಚ್ 31ರ ವರೆಗೆ ಸರದಿ ನಡೆಯುತ್ತದೆ.

ಕೆಲಸವಿನ್ನೂ ಬೇರೂರುತ್ತಿದ್ದ 1986ರ ಡಿಸೆಂಬರಿನಲ್ಲಿಯೇ ಆ ಪಾದ್ರಿಯ ವೃದ್ಧ ತಾಯಿಯನ್ನು, ಸೆರೆಯಿಂದ ತಪ್ಪಿಸಿಕೊಂಡು ಬಂದವನೊಬ್ಬನು ಕೊಂದನು. ಆಕೆ ಬಡವರ ಊಟದ ಮನೆಗಳಲ್ಲಿ ದುಡಿದವಳು. ಕೊಲೆಗಾರನಿಗೆ ಮರಣದಂಡನೆ ಬೇಡವೆಂದು ಮಕ್ಕಳು ಕೇಳಿಕೊಂಡರು. ಅಪರಿಚಿತರಿಗೆ ತೆರೆದ ಬಾಗಿಲನ್ನು ಆ ದಿನ ಮುಚ್ಚಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಮುಚ್ಚಲಿಲ್ಲ. ಸ್ಟ್ರೋಬೆಲ್ ತೀರಿಕೊಂಡುದು 2023ರ ಆಗಸ್ಟಿನಲ್ಲಿ, 80ನೆಯ ವಯಸ್ಸಿನಲ್ಲಿ. ನಾವು ಹೋದುದು ಅವರಿಲ್ಲದ ಮೊದಲ ಚಳಿಗಾಲ.

ಸಂಜೆ ಇಗರ್ಜಿಯ ವ್ಯಾನು ನಗರದ ನಡುವಣ ಕೇಂದ್ರದಿಂದ ಹನ್ನೆರಡು ಮಂದಿಯನ್ನು ಕರೆತಂದಿತು. ಮಕ್ಕಳು ಬರೆದ ನೋವನ ಹಡಗಿನ ಚಿತ್ರಗಳನ್ನು ಅಂಟಿಸಿದ್ದ ಭಾನುವಾರದ ಪಾಠದ ಕೋಣೆಯಲ್ಲಿ ಮಡಚುವ ಮಂಚಗಳು ಸಾಲಾಗಿದ್ದವು. ಪ್ರತಿಯೊಂದರ ಮೇಲೂ ಒಗೆದ ಚಾದರ, ಕಂಬಳಿ, ಒಂದು ಜೊತೆ ಹೊಸ ಕಾಲುಚೀಲ. ಊಟಕ್ಕೆ ಕೋಳಿಯ ಸಾರು, ಹುರುಳಿಕಾಯಿ, ಮುಸುಕಿನ ಜೋಳದ ರೊಟ್ಟಿ. ನಾವು ಊರಿನ ರೂಢಿಯಂತೆ ಸೌಟು ಹಿಡಿದು ಬಡಿಸಲು ನಿಂತೆವು. ಎಲ್ಲರಿಗೂ ಆದ ಮೇಲೂ ನಿಂತೇ ಇದ್ದೆವು. ನೆರೆಮನೆಯಾಕೆ ಬಂದು ಮೆಲ್ಲನೆ ಸೌಟನ್ನು ತೆಗೆದುಕೊಂಡು, ಇಲ್ಲಿ ಯಾರೂ ನಿಂತು ನೋಡುವುದಿಲ್ಲ, ಅವರ ಮೇಜಿಗೇ ಹೋಗಿ ಕುಳಿತು ಉಣ್ಣಿರಿ ಎಂದರು.

ನಮ್ಮಲ್ಲಿ ಅನ್ನದಾನಕ್ಕೇನೂ ಕೊರತೆಯಿಲ್ಲ. ಆದರೆ ಬಡಿಸುವವರ ಪಂಕ್ತಿ ಬೇರೆ, ಉಣ್ಣುವವರ ಪಂಕ್ತಿ ಬೇರೆ. ತಟ್ಟೆಯನ್ನು ಹಿಡಿದು ಆ ಮೇಜಿನತ್ತ ಹತ್ತು ಹೆಜ್ಜೆ ನಡೆಯುವುದು ಬಡಿಸುವುದಕ್ಕಿಂತ ಕಷ್ಟವಾಯಿತೆಂದು ಒಪ್ಪಿಕೊಳ್ಳಬೇಕು.

ನಮ್ಮ ಎದುರು ಕುಳಿತಿದ್ದವರು ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದ ಮುದುಕರು. ಏಣಿಯಿಂದ ಬಿದ್ದು ಸೊಂಟ ಮುರಿಯಿತು, ಕೆಲಸ ಹೋಯಿತು, ಬಾಡಿಗೆ ಏರಿತು. ಅಷ್ಟನ್ನು ಎರಡು ಮಾತಿನಲ್ಲಿ ಮುಗಿಸಿಬಿಟ್ಟರು. ನಮ್ಮ ಊರಿನ ವಿಷಯವೇ ಅವರಿಗೆ ಹೆಚ್ಚು ಕುತೂಹಲ. ಅಲ್ಲಿ ಹಿಮ ಬೀಳುವುದುಂಟೆ? ಇಲ್ಲವೆಂದೆವು. ಎಂದೂ? ಎಂದೂ ಇಲ್ಲ. “ಹಾಗಾದರೆ ಅಲ್ಲಿ ಹೊರಗೆ ಮಲಗಬಹುದು” ಎಂದು, ಜಮೀನು ಕೊಳ್ಳುವವನು ನೀರಿನ ಆಸರೆಯನ್ನು ವಿಚಾರಿಸಿಕೊಳ್ಳುವ ಗಾಂಭೀರ್ಯದಿಂದ ತಲೆಯಾಡಿಸಿದರು.

ಹಿಂದೆ ನಮ್ಮ ಮನೆಯ ಜಗಲಿಯಲ್ಲಿ ದಾರಿಹೋಕರು ಮಲಗುತ್ತಿದ್ದರು. ಅಜ್ಜನನ್ನು ಕೇಳಿಯೇ ಮಲಗಬೇಕೆಂಬ ನಿಯಮವೂ ಇರಲಿಲ್ಲ. ಬೆಳಗ್ಗೆ ಬೆಲ್ಲ ನೀರು ಕುಡಿದು ಹೊರಡುತ್ತಿದ್ದರು. ಆ ಜಗಲಿಗೆ ಕಬ್ಬಿಣದ ಜಾಲರಿ ಹಾಕಿಸಿ ಬೀಗ ಜಡಿದವರು ನಾವೇ. ಕಾಲ ಕೆಟ್ಟಿತೆಂದು ಎಲ್ಲರೂ ಹೇಳಿದರು, ನಾವೂ ಹೇಳಿದೆವು. ಇದನ್ನು ಮುದುಕರಿಗೆ ತಿಳಿಸಲಿಲ್ಲ.

ರಾತ್ರಿ ಇಗರ್ಜಿಯ ಇಬ್ಬರು ಗಂಡಸರು ಅತಿಥಿಗಳೊಡನೆ ಅದೇ ಕೋಣೆಯಲ್ಲಿ ಮಲಗಿದರು. ನಾವು ಅಡುಗೆಮನೆಯ ಪಕ್ಕದ ಬೆಂಚಿನಲ್ಲಿ ಒರಗಿದೆವು. ಕೆಮ್ಮು, ಗೊರಕೆ, ನಿದ್ದೆಯಲ್ಲಿ ಯಾರದೋ ಕೂಗು. ನಾಲ್ಕೂವರೆಗೆ ದೀಪ ಹತ್ತಿಸಿದರು. ಕಾಫಿ, ಮೊಟ್ಟೆ, ಮಧ್ಯಾಹ್ನಕ್ಕೊಂದು ಬುತ್ತಿಯ ಚೀಲ. ಮುದುಕರು ಕಂಬಳಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟರು. ಇನ್ನೂ ಕತ್ತಲಿರುವಾಗಲೇ ವ್ಯಾನು ಅವರನ್ನು ನಗರಕ್ಕೆ ಮರಳಿ ಒಯ್ದಿತು. ಒಂದು ರಾತ್ರಿಯನ್ನು ಕೊಟ್ಟು ಹಗಲನ್ನು ಕೊಡದ ಈ ಏರ್ಪಾಡು ನಮಗೆ ಪೂರ್ತಿ ಸಮಾಧಾನವನ್ನು ತರಲಿಲ್ಲ. ಅಲ್ಲಿನವರಿಗೂ ತಂದಿಲ್ಲ, ಆ ಸಂಸ್ಥೆಯೇ 2010ರಲ್ಲಿ ನಗರದ ನಡುವೆ ಕಟ್ಟಡವೊಂದನ್ನು ತೆರೆದು 38 ವಾಸದ ಮನೆಗಳನ್ನು ಮಾಡಿದೆ. ಉಳಿದವರು ಸರದಿಯಲ್ಲಿದ್ದಾರೆ.

ಮಗನ ಮನೆಗೆ ಮರಳಿದಾಗ ಬೆಳಗಾಗಿತ್ತು. ಯಾರೂ ಮಲಗದ ಮಹಡಿಯ ಕೋಣೆಯಲ್ಲಿಯೂ ಬಿಸಿಗಾಳಿ ಸದ್ದಿಲ್ಲದೆ ಬರುತ್ತಿದ್ದಿತು. ಪಾತ್ರೆಯನ್ನು ಇಳಿಸುತ್ತಿದ್ದ ನೆರೆಮನೆಯಾಕೆ, ಮುಂದಿನ ಗುರುವಾರ ಮತ್ತೆ ನಮ್ಮ ಸರದಿ, ಬರುತ್ತೀರಷ್ಟೆ ಎಂದು ಕೇಳಿದರು. ಬುಧವಾರ ನಮ್ಮ ವಿಮಾನವೆಂದೆವು.